ಚಿಕ್ಕ ಚರ್ಚಿನ ಬಾಗಿಲು

ಚರ್ಚಿಗೆ ಹೆಂಚಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುವ ಜನ ನಾವಲ್ಲ. ನಾನು ಬೆಳೆದದ್ದು ನೇತ್ರಾವತಿಯ ದಂಡೆಯಲ್ಲಿ. ನಮ್ಮ ಹಿತ್ತಲಿನಿಂದ ಕಾಣುತ್ತಿದ್ದ ಚರ್ಚಿಗೆ ಸುಣ್ಣ ಬಳಿದ ಬಿಳಿ ಗೋಡೆ, ಮೇಲೆ ಕೆಂಪು ಹೆಂಚು. ಮಧ್ಯಾಹ್ನ ಅದರ ಗಂಟೆ ಕೇಳಿದ ಮೇಲೆಯೇ ಉಮ್ಮ ಒಲೆಯಿಂದ ಗಂಜಿ ಇಳಿಸುತ್ತಿದ್ದದ್ದು. ಅಪ್ಪನಂತೂ ಹೆಂಚಿನ ಕಾರ್ಖಾನೆಯಲ್ಲೇ ಸವೆದವರು. ಬಸ್ಸಿನಲ್ಲಿ ಹೋಗುವಾಗ ಚರ್ಚು, ಶಾಲೆ, ಮಸೀದಿ ಯಾವುದು ಕಂಡರೂ ಅವರು ಮೊದಲು ನೋಡುತ್ತಿದ್ದದ್ದು ಛಾವಣಿಯನ್ನು. ಅಂಥವರ ಮಗನ ಕೈಗೆ ರಿಯಾದಿನಲ್ಲಿ ಐರ್ಲೆಂಡಿನ ಒಂದು ಪೇಟೆಯ ಕಪ್ಪು ಬಿಳುಪು ಫೋಟೋ ಕೊಟ್ಟು, ಚರ್ಚು ಮಾಡಪ್ಪಾ ಎಂದರೆ ಅವನು ಇನ್ನೇನು ಮಾಡಿಯಾನು? ಗೋಡೆಗೆ ಬಿಳಿ ಬಣ್ಣ ಬಳಿದೆ, ಮೇಲೆ ಕೆಂಪು ಹೆಂಚು ಹೊದಿಸಿದೆ.

ಆಗ ನಾನು ರಿಯಾದಿನ ಸನಾಯದಲ್ಲಿ, ಅಂದರೆ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳೇ ತುಂಬಿದ ಆ ಕಡೆಯಲ್ಲಿ, ಮಾಡೆಲ್ ಮಾಡುವ ಒಂದು ವರ್ಕ್‌ಶಾಪಿನಲ್ಲಿದ್ದೆ. ದೊಡ್ಡವರು ಕಟ್ಟಲಿರುವ ಟವರು, ಮಾಲು, ಮಸೀದಿಗಳನ್ನು ಮೊದಲೇ ಮೇಜಿನ ಮೇಲೆ ಚಿಕ್ಕದಾಗಿ ಮಾಡಿಕೊಡುವುದು ನಮ್ಮ ಕೆಲಸ. ಕತ್ತರಿಸಿ ಜೋಡಿಸುವವನು ಉಡುಪಿ ಕಡೆಯ ಒಬ್ಬ ಆಚಾರಿ. ಛಾವಣಿ, ಬಣ್ಣ, ಕಿಟಕಿ ಬಾಗಿಲಿನ ಸಣ್ಣ ಕೆಲಸ ನನ್ನದು. ಅವನು ನನ್ನನ್ನು ಬ್ಯಾರಿ ಎನ್ನುತ್ತಿದ್ದ, ನಾನು ಅವನನ್ನು ಆಚಾರಿ ಎನ್ನುತ್ತಿದ್ದೆ, ಒಂದೇ ಕೋಣೆಯಲ್ಲಿ ಉಂಡು ಮಲಗುತ್ತಿದ್ದೆವು.

ನಮ್ಮ ಮೇಲೆ ಒಬ್ಬ ಫೋರ್ಮನ್. ಅವನೂ ನಮ್ಮ ಜಿಲ್ಲೆಯವನೇ. ಅವನ ಊರು, ಜಾತಿ, ಧರ್ಮ ಯಾವುದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ‘ಓ, ಅದಕ್ಕೇ’ ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಹೆದರಿಕೆಗೆ ಜಾತಿ ಇಲ್ಲ. ಹಿಂದೆ ಬೇರೆ ಯಾವುದೋ ವರ್ಕ್‌ಶಾಪಿನಲ್ಲಿ ಗೋಡೆಗೆ ದೇವರ ಪಟ ಅಂಟಿಸಿದ್ದಕ್ಕೆ ಒಬ್ಬನನ್ನು ಊರಿಗೆ ಕಳಿಸಿದರಂತೆ. ಆ ಕಥೆಯನ್ನು ಅವನು ನಮಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಬಾಗಿಲಿನ ಕಡೆ ನೋಡುತ್ತಿದ್ದ.

ಪೇಟೆಯ ಫೋಟೋ ತಂದವರು ಒಬ್ಬ ಐರಿಷ್ ಮೇಡಂ. ರಿಯಾದಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳಿಗೆ ಕೆಲಸ ಕಲಿಸಿ ಕಲಿಸಿ ತಲೆ ಬೆಳ್ಳಗಾದವರು. ಹೃದಯದ ಆಪರೇಷನ್ ಆಗಿ ನಮ್ಮ ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟ ಸೌದಿ ಮಾಲೀಕ, ಅಲ್ಲಿ ಮಲಗಿದ್ದಾಗ ಅವರ ಪರಿಚಯವಾಗಿತ್ತಂತೆ. ಅವರು ಕೆಲಸ ಬಿಟ್ಟು ಕಾಯಂ ಆಗಿ ಊರಿಗೆ ಹೊರಟಿದ್ದರು. ಹೋಗುವ ಮೊದಲು ತಮ್ಮ ಪೇಟೆಯ ಮುಖ್ಯ ಬೀದಿಯ ಮಾಡೆಲ್ ಬೇಕೆಂದು ಕೇಳಿದ್ದರು. ‘ಆಕೆ ಹೇಳಿದಂತೆ ಮಾಡಿಕೊಡಿ’ ಎಂದು ಕಫೀಲ್ ಫೋನಿನಲ್ಲಿ ಫೋರ್ಮನ್‌ಗೆ ಹೇಳಿದ್ದ. ಈ ಮಾತನ್ನು ಓದುವವರು ಮರೆಯಬಾರದು, ಯಾಕೆಂದರೆ ಫೋರ್ಮನ್ ಮರೆತ.

ಬೀದಿಯ ಒಂದು ತುದಿಯಲ್ಲಿ ಕಲ್ಲಿನ ಸೇತುವೆ. ಅದರ ಪಕ್ಕ ಕೆಳಗೆ ಕಮಾನು, ಮೇಲೆ ಗಡಿಯಾರ ಇರುವ ಹಳೆಯ ಸಂತೆ ಕಟ್ಟಡ. ಎದುರಿಗೆ ನಾಲ್ಕು ದಪ್ಪ ಕಂಬಗಳ ನ್ಯಾಯಾಲಯ. ಇನ್ನೊಂದು ತುದಿಯಲ್ಲಿ ಎರಡು ಚರ್ಚುಗಳು, ನಡುವೆ ರಸ್ತೆ. ದೊಡ್ಡದು ಕ್ಯಾಥೊಲಿಕರದು, ಚೂಪು ಗೋಪುರದ ತುದಿಯಲ್ಲಿ ಶಿಲುಬೆ. ಚಿಕ್ಕದು ಪ್ರಾಟೆಸ್ಟೆಂಟರದು, ಬಹಳ ಹಳೆಯದು, ಅದರ ಚೌಕದ ಗೋಪುರದ ಮೇಲೆ ಗಾಳಿ ಬಂದ ಕಡೆ ತಿರುಗುವ ಒಂದು ತಾಮ್ರದ ಹುಂಜ.

ಎರಡನೇ ಸಲ ಮೇಡಂ ಬಂದಾಗ ನನ್ನ ಹೆಂಚಿನ ಚರ್ಚು ತಯಾರಾಗಿತ್ತು. ಆಗಿನ್ನೂ ಹೆಂಗಸರು ಕಾರು ಓಡಿಸುವಂತಿರಲಿಲ್ಲ, ಆಸ್ಪತ್ರೆಯ ಡ್ರೈವರ್ ಅವರನ್ನು ಕರೆತಂದಿದ್ದ. ಅವರು ಮೇಜಿನ ಮುಂದೆ ನಿಂತು, ಅಬಾಯಾದ ತೋಳು ಮಡಚಿ, ತುಂಬ ಹೊತ್ತು ನೋಡಿದರು. ಆಮೇಲೆ ನಗತೊಡಗಿದರು. ನನಗೆ ಉರಿದುಹೋಯಿತು. ಮಂಗಳೂರಿನ ಹೆಂಚನ್ನು ನೋಡಿ ನಗುವುದೆಂದರೇನು? ಪ್ರತಿ ಸಾಲನ್ನೂ ಕೂದಲೆಳೆಯ ಹಾಗೆ ಕೂರಿಸಿದ್ದೆ.

“ತುಂಬ ಚಂದ ಉಂಟು ಅಂತ ಹೇಳ್ತಾ ಇದ್ದಾರೆ, ಆದ್ರೆ ಅವರದ್ದಲ್ಲ ಅಂತೆ,” ಎಂದ ಆಚಾರಿ. ಅವನ ಇಂಗ್ಲಿಷ್ ನನಗಿಂತ ವಾಸಿ.

ನಗು ನಿಂತ ಮೇಲೆ ಮೇಡಂ ಸ್ಟೂಲಿನ ಮೇಲೆ ಕುಳಿತು ವಿಷಯ ಹೇಳಿದರು. ಅವರ ಊರಿನಲ್ಲಿ ಚರ್ಚಿನ ಗೋಡೆ ಬೂದು ಬಣ್ಣದ ಬರಿಗಲ್ಲು. ಛಾವಣಿಗೆ ಹೊದಿಸುವುದು ನಾವು ಶಾಲೆಯಲ್ಲಿ ಬರೆಯುತ್ತಿದ್ದ ಸ್ಲೇಟಿನ ಕಲ್ಲನ್ನೇ, ತೆಳ್ಳಗೆ ಸೀಳಿ, ಒಂದರ ಮೇಲೊಂದು ಏರಿಸಿ. ಅವರ ಅಪ್ಪನ ಕಸುಬೇ ಅದು. ಆ ಬೀದಿಯ ಎಲ್ಲ ಕಟ್ಟಡಗಳ ಛಾವಣಿಯನ್ನೂ ಒಂದಲ್ಲ ಒಂದು ಸಲ ಅವರ ಅಪ್ಪನೇ ರಿಪೇರಿ ಮಾಡಿದ್ದು. ಈಗ ಅವರಿಗೆ ವಯಸ್ಸಾಗಿದೆ, ಕಣ್ಣು ಪೂರ್ತಿ ಹೋಗಿದೆ. ಈ ಮಾಡೆಲ್ ನೋಡುವುದಕ್ಕಲ್ಲ, ಬೆರಳಿನಿಂದ ಮುಟ್ಟುವುದಕ್ಕೆ.

ಬಣ್ಣದ ಡಬ್ಬಿ ಮುಚ್ಚಿಟ್ಟೆ. ಹೆಂಚು ಕಿತ್ತೆ. ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಷ್ಟು ಚೂರು ಮಾಡಿ, ಕೆಳಗಿನ ಸಾಲಿಗೆ ದೊಡ್ಡದು, ಮೇಲೆ ಹೋದ ಹಾಗೆ ಚಿಕ್ಕದು, ಮೇಡಂ ತೋರಿಸಿಕೊಟ್ಟ ಹಾಗೆ ಅಂಟಿಸುತ್ತ ಹೋದೆ. ನನ್ನ ಅಪ್ಪ ಭಟ್ಟಿಯಿಂದ ತೆಗೆದ ಹೆಂಚನ್ನು ಬೆರಳಿನಿಂದ ತಟ್ಟಿ ಬಿರುಕು ಹುಡುಕುತ್ತಿದ್ದದ್ದು ನೆನಪಾಗುತ್ತಿತ್ತು. ಕೆಲಸ ನಿಧಾನವಾಯಿತೆಂದು ಫೋರ್ಮನ್ ಗೊಣಗುತ್ತಿದ್ದ. ಗೊಣಗಲಿ ಎಂದು ಬಿಟ್ಟೆ.

ಮೂರನೇ ಭೇಟಿಯಲ್ಲಿ ಮೇಡಂ ಬಾಗಿಲಿನ ಮಾತೆತ್ತಿದರು. ದೊಡ್ಡ ಚರ್ಚಿನ ಬಾಗಿಲು ಹೇಗಿದ್ದರೂ ಸರಿ. ಚಿಕ್ಕ ಚರ್ಚಿನದು ಮಾತ್ರ ತೆರೆದೇ ಇರಬೇಕು, ಅಪ್ಪನ ಬೆರಳು ಒಳಗೆ ಹೋಗಬೇಕು.

ಯಾಕೆ ಎಂದು ಆಚಾರಿ ಕೇಳಿದ. ಅವರ ಅಪ್ಪನ ಜೊತೆ ಜೀವಮಾನವೆಲ್ಲ ಒಬ್ಬ ಬಡಗಿ ಕೆಲಸ ಮಾಡಿದ್ದರಂತೆ. ಛಾವಣಿಯ ಮರ ಬಡಗಿಯದು, ಮೇಲಿನ ಕಲ್ಲು ಅಪ್ಪನದು. ಅಪ್ಪ ಕ್ಯಾಥೊಲಿಕ್, ಬಡಗಿ ಪ್ರಾಟೆಸ್ಟೆಂಟ್. ಬಡಗಿ ತೀರಿಹೋದಾಗ ಶವವನ್ನು ಚಿಕ್ಕ ಚರ್ಚಿಗೆ ತಂದರು. ಆ ಕಾಲದಲ್ಲಿ ಕ್ಯಾಥೊಲಿಕರು ಆ ಚರ್ಚಿನೊಳಗೆ ಪ್ರಾರ್ಥನೆಗೆ ಹೋಗುವಂತಿಲ್ಲ, ಹೋದರೆ ಪಾಪ ಎಂದು ಪಾದ್ರಿ ಹೇಳಿದ್ದರು. ಹಾಗಾಗಿ ಅಪ್ಪ ಗೇಟಿನ ಹೊರಗೆ, ರಸ್ತೆಯಲ್ಲಿ, ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರಂತೆ. ತಾನೇ ಹೊದಿಸಿದ ಛಾವಣಿಯ ಕೆಳಗೆ ಗೆಳೆಯನನ್ನು ಮಲಗಿಸಿದ್ದಾರೆ, ತಾನು ಹೊರಗೆ. ಮುಂದೆ ಆ ಕಟ್ಟಳೆ ಹೋಯಿತು. ಯಾರು ಬೇಕಾದರೂ ಹೋಗಬಹುದು ಎಂದಾಯಿತು. ಆದರೆ ಅಂದು ಹೋಗದವನು ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅಪ್ಪ ಆ ಬಾಗಿಲು ದಾಟಲೇ ಇಲ್ಲ.

ಆ ಪಾದ್ರಿಯನ್ನು ನಾನು ಕಂಡವನಲ್ಲ, ಅವರು ತೀರಿ ಎಷ್ಟು ಕಾಲವಾಯಿತೋ. ಆದರೂ ಸಿಟ್ಟು ಬಂತು. ಯಾರು ಯಾರ ಸಾವಿಗೆ ಹೋಗಬೇಕು, ಎಲ್ಲಿಯವರೆಗೆ ಹೋಗಬೇಕು ಎಂದು ಗೆರೆ ಎಳೆಯುವುದಕ್ಕೆ ಇವರೆಲ್ಲ ಯಾರು? ನಮ್ಮ ಕರಾವಳಿಯಲ್ಲೂ ನಾನು ರಿಯಾದಿನಲ್ಲಿದ್ದ ವರ್ಷಗಳಲ್ಲಿ ಅಂಥವರು ಹುಟ್ಟಿಕೊಂಡಿದ್ದರು. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂತರು ಎಂದು ನೋಡುವುದೇ ಅವರಿಗೆ ಉದ್ಯೋಗ. ನಾನು ರಜೆಯಲ್ಲಿ ಹೋಗಿದ್ದಾಗ ಆಚಾರಿಯ ತಂಗಿಯ ಮದುವೆಯ ಊಟಕ್ಕೆ ಕುಳಿತವನು. ಪಾಯಸ ಎರಡನೇ ಸಲ ಬಡಿಸಿಕೊಳ್ಳುವಾಗ ಇಬ್ಬರು ಪಡ್ಡೆಗಳು ನನ್ನ ಟೊಪ್ಪಿಯನ್ನೇ ನೋಡುತ್ತಿದ್ದರು. ನಾನು ಮೂರನೇ ಸಲವೂ ಬಡಿಸಿಕೊಂಡೆ.

ಮೇಡಂ ಹೋದ ಮೇಲೆ ಆಚಾರಿ ಚಿಕ್ಕ ಚರ್ಚಿನ ಮುಂದೆ ಬಗ್ಗಿ ಬಾಗಿಲಿನ ಜಾಗಕ್ಕೆ ತೋರುಬೆರಳು ಇಟ್ಟು ನೋಡಿದ. ಆಮೇಲೆ, “ಬ್ಯಾರಿ, ಬೆರಳು ಒಳಗೆ ಹೋದ್ರೆ ಅಲ್ಲಿ ಎಂತ ಉಂಟು? ಖಾಲಿ ಡಬ್ಬಿಯಾ?” ಎಂದ. ಅದೂ ಸರಿಯೇ. ಮೇಡಂ ಕಳಿಸಿದ ಒಳಗಿನ ಫೋಟೋ ನೋಡಿ ಅವನು ತೇಗದ ಚೂರುಗಳಿಂದ ಬೆಂಚುಗಳನ್ನು ಮಾಡಿದ. ಬಾಗಿಲಿನಿಂದ ಒಳಗೆ ಹೋದರೆ ಮೊದಲು ಸಿಗುವ ಕೊನೆಯ ಸಾಲಿನ ಬೆಂಚಿಗೆ ಮಾತ್ರ ಎರಡು ಸಲ ಪಾಲಿಶ್ ಹಾಕಿದ. ಅಪ್ಪನ ಬೆರಳು ಎಷ್ಟು ದಪ್ಪ ಎಂದು ಕೇಳಿದ್ದಕ್ಕೆ ಮೇಡಂ ನಮ್ಮಿಬ್ಬರ ಕೈಯನ್ನೂ ತಿರುಗಿಸಿ ನೋಡಿ ಆಚಾರಿಯ ತೋರುಬೆರಳನ್ನು ಮುಟ್ಟಿ ತೋರಿಸಿದ್ದರು. ಅದೇ ಅಳತೆಗೆ ನಾನು ಬಾಗಿಲು ಕೊರೆದೆ. ಲೆಕ್ಕದ ಪ್ರಕಾರ ಸ್ವಲ್ಪ ದೊಡ್ಡದಾಯಿತು. ಆಗಲಿ, ಬೆರಳು ಹೋಗಬೇಕಲ್ಲ. ಒಂದು ಮರದ ಕದ ಮಾಡಿ, ಒಳಮುಖವಾಗಿ ಪೂರ್ತಿ ತೆರೆದ ಹಾಗೆ ನಿಲ್ಲಿಸಿದೆ.

ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಬಂದು ನೋಡಿದರೆ ದೊಡ್ಡ ಚರ್ಚಿನ ತುದಿಯಲ್ಲಿ ಶಿಲುಬೆ ಇಲ್ಲ. ಅದರ ಜಾಗದಲ್ಲಿ ಒಂದು ಹಿತ್ತಾಳೆಯ ಗುಂಡು. ಮಸೀದಿಯ ಮಾಡೆಲ್‌ಗಳಿಗೆ ಹಾಕುವ ಗುಂಡುಗಳು ನಮ್ಮಲ್ಲಿ ಪೆಟ್ಟಿಗೆಗಟ್ಟಲೆ ಇದ್ದವು, ಫೋರ್ಮನ್ ಅದರಿಂದ ತೆಗೆದು ಅಂಟಿಸಿದ್ದ. ಚಿಕ್ಕ ಚರ್ಚಿನ ಗೋಪುರದ ಮೇಲೆ ಹುಂಜವೂ ಇಲ್ಲ. ಅಲ್ಲೂ ಗುಂಡು.

ಫೋರ್ಮನ್ ಚಹಾ ಕುಡಿಯುತ್ತಿದ್ದ. ನಾನು ಕಿರುಚಿದೆನೆಂದು ಕಾಣುತ್ತದೆ, ಪಕ್ಕದ ವೆಲ್ಡಿಂಗ್ ಅಂಗಡಿಯವನು ಬಂದು ಇಣುಕಿದ.

“ಬೊಬ್ಬೆ ಹಾಕ್ಬೇಡ ಮಾರಾಯ,” ಎಂದ ಫೋರ್ಮನ್. “ಶಿಲುಬೆ ಗಿಲುಬೆ ಮಾಡಿ ಇಟ್ಕೊಂಡ್ರೆ ನಾಳೆ ಮುತವ್ವಾಗಳು ಬಂದು ಹಿಡ್ಕೊಂಡು ಹೋಗ್ತಾರೆ. ನನ್ನ ಇಕಾಮಾಕ್ಕೆ ನೀನು ಜವಾಬ್ದಾರಿಯಾ?”

ಮುತವ್ವಾ ಎಂದರೆ ಧರ್ಮದ ಪೊಲೀಸರು, ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ. ಹೆದರಿಕೆ ಪೂರ್ತಿ ಸುಳ್ಳೆಂದು ನಾನೂ ಹೇಳುವುದಿಲ್ಲ. ಆದರೆ ಆ ಸನಾಯದ ಧೂಳಿನಲ್ಲಿ, ಶಟರ್ ಎಳೆದ ವರ್ಕ್‌ಶಾಪಿನ ಒಳಗೆ, ಎರಡು ವಾರದಲ್ಲಿ ದೇಶ ಬಿಟ್ಟು ಹೋಗುವ ಒಂದು ಹಲಗೆಯ ಮೇಲೆ ಕಡ್ಡಿಯಷ್ಟು ಶಿಲುಬೆ!

“ಸರಿ, ಶಿಲುಬೆ ಬಿಡಿ ಅಣ್ಣ. ಕೋಳಿ? ಕೋಳಿ ಎಂತ ಮಾಡಿದ್ದು ನಿಮಗೆ? ದಿನಾ ಮಧ್ಯಾಹ್ನ ಕಬ್ಸಾ ಅನ್ನದಲ್ಲಿ ಅರ್ಧ ಕೋಳಿ ತಿಂತೀರಿ, ಅದು ಹಲಾಲ್. ಗೋಪುರದ ಮೇಲೆ ಕೂತ್ರೆ ಹರಾಮಾ?”

“ಚರ್ಚಿನ ಮೇಲೆ ಇದ್ದದ್ದು ಅಂದ್ರೆ ಚರ್ಚಿನದ್ದೇ ಅಲ್ವಾ? ಯಾಕೆ ಬೇಕು ರಗಳೆ?”

“ಅವರಪ್ಪ ಮುಟ್ಟಿ ನೋಡುವಾಗ ಎಂತ ಹೇಳ್ತೀರಿ?”

ಆಗ ಅವನು ಆ ಮಾತು ಹೇಳಿದ. ಚಹಾದ ಲೋಟ ಕೆಳಗಿಡುತ್ತ, ಬಹಳ ಸಮಾಧಾನದಿಂದ ಹೇಳಿದ. “ಅವರಿಗೆ ಕಣ್ಣೇ ಕಾಣುದಿಲ್ಲ ಅಲ್ವಾ? ಯಾರಿಗೆ ಗೊತ್ತಾಗ್ತದೆ?”

ಕುರುಡನಿಗೆ ದಾರಿ ತಪ್ಪಿಸುವವನಿಗೆ ದೇವರ ಶಾಪ ತಟ್ಟುತ್ತದೆ ಎಂದು ಮದ್ರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಕಲಿಸಿದ್ದರು. ಪಾಠ ಎಷ್ಟೋ ಮರೆತಿದ್ದೇನೆ, ಅದು ಮರೆತಿಲ್ಲ. ಧರ್ಮದ ಹೆಸರು ಹೇಳಿಕೊಂಡು ಕುರುಡನಿಗೆ ಮೋಸ ಮಾಡುವುದು ಯಾವ ಧರ್ಮ? ಕೈಗೆ ಸಿಕ್ಕಿದ ಅಂಟಿನ ಬಾಟಲಿಯನ್ನು ನೆಲಕ್ಕೆ ಎಸೆದೆ. ಅದರ ಕಲೆ ನಾನು ಆ ಕೆಲಸ ಬಿಡುವವರೆಗೂ ನೆಲದ ಮೇಲಿತ್ತು. ಆಚಾರಿ ನನ್ನ ಭುಜ ಹಿಡಿದು ಹೊರಗೆ ಎಳೆದುಕೊಂಡು ಹೋಗಿ, “ಬ್ಯಾರಿ, ಕಫೀಲ್ ಬರ್ಲಿ. ಅಲ್ಲಿವರೆಗೆ ಬಾಯಿ ಮುಚ್ಚು,” ಎಂದ.

ಕಫೀಲ್ ವಾರಕ್ಕೊಮ್ಮೆ ಬರುವವನು. ಬಂದವನೇ ಮಾಡೆಲ್‌ನ ಸುತ್ತ ಒಂದು ಸುತ್ತು ಹಾಕಿದ, ಸ್ಲೇಟಿನ ಛಾವಣಿಯ ಮೇಲೆ ಕೈಯಾಡಿಸಿದ. ಫೋರ್ಮನ್ ಮುಂದೆ ನುಗ್ಗಿ, ಶಿಲುಬೆಗಳನ್ನೆಲ್ಲ ತಾನು ತೆಗೆಸಿದ್ದೇನೆಂದು ಅರಬಿಯಲ್ಲಿ ಬೆನ್ನು ಬಗ್ಗಿಸಿ ವರದಿ ಒಪ್ಪಿಸಿದ. ಕಫೀಲ್ ಅವನನ್ನೇ ನೋಡಿದ. ಇದು ಯಾರಿಗೆ, ಎಲ್ಲಿಗೆ ಹೋಗುವುದು ಎಂದು ಕೇಳಿದ. ಆಮೇಲೆ, ಆಕೆ ಕೇಳಿದ್ದನ್ನು ಕೊಟ್ಟು ಕಳಿಸು, ನಿನ್ನನ್ನು ಯಾರು ಕೇಳಿದರು ಎಂದಷ್ಟೇ ಹೇಳಿ ಕಾರು ಹತ್ತಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಾನು ಕೇಳಿದ್ದೆ. ಅರ್ಥವಾದದ್ದು ರಿಯಾದಿನಲ್ಲಿ.

ಅಷ್ಟಾದರೂ ಫೋರ್ಮನ್‌ಗೆ ಜೀವ ತಡೆಯಲಿಲ್ಲ. ಗೋಪುರದ ಮೇಲೆ ನಿಲ್ಲಿಸುವುದು ಬೇಡ, ಬೇರೆ ಡಬ್ಬಿಯಲ್ಲಿ ಕೊಡೋಣ, ಅಲ್ಲಿಗೆ ಹೋದ ಮೇಲೆ ಅವರೇ ಸಿಕ್ಕಿಸಿಕೊಳ್ಳಲಿ ಎಂದ. ಅದಕ್ಕೆ ಒಪ್ಪಿದೆ, ಹಲ್ಲು ಕಚ್ಚಿಕೊಂಡು. ಗುಂಡು ಕಿತ್ತು, ತುದಿಯಲ್ಲಿ ಸಣ್ಣ ತೂತು ಕೊರೆದು, ಶಿಲುಬೆಗೂ ಹುಂಜಕ್ಕೂ ಬುಡದಲ್ಲಿ ಸೂಜಿ ಕೂರಿಸಿ, ಏಲಕ್ಕಿಯ ಖಾಲಿ ಡಬ್ಬಿಯಲ್ಲಿ ಹತ್ತಿ ತುಂಬಿ ಇಟ್ಟೆ. ಎಲ್ಲ ಮುಗಿಯಿತು ಅಂದುಕೊಂಡೆವು.

ಮೇಡಂ ಕೊನೆಯ ಸಲ ಬಂದ ದಿನ ಆಚಾರಿ ಮಾಡಿದ ಮರದ ಪೆಟ್ಟಿಗೆಯಲ್ಲಿ ಮಾಡೆಲ್ ಇಳಿಸಿಯಾಗಿತ್ತು, ಮುಚ್ಚಳಕ್ಕೆ ಸ್ಕ್ರೂ ಹಾಕುವುದಷ್ಟೇ ಬಾಕಿ. ಹೊರಗೆ ಕಾರ್ಗೋದ ಗಾಡಿ ನಿಂತಿತ್ತು. ಒಂದು ಸಲ ಅಪ್ಪನ ಹಾಗೆ ನೋಡುತ್ತೇನೆ ಎಂದು ಮೇಡಂ ಕಣ್ಣು ಮುಚ್ಚಿಕೊಂಡರು. ಬೆರಳು ಸೇತುವೆ ದಾಟಿತು, ಸಂತೆ ಕಟ್ಟಡದ ಕಮಾನುಗಳ ಕೆಳಗೆ ನುಸುಳಿತು, ನ್ಯಾಯಾಲಯದ ಕಂಬಗಳನ್ನು ಒಂದೊಂದಾಗಿ ಹಿಡಿದು ಬಿಟ್ಟಿತು. ದೊಡ್ಡ ಚರ್ಚಿನ ಛಾವಣಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಹೋಗುವಾಗ ಅವರ ಮುಖದಲ್ಲಿ ನಗು ಬಂತು. ನನಗೂ ಎದೆ ತುಂಬಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬೆರಳು ರಸ್ತೆ ದಾಟಿ ಚಿಕ್ಕ ಚರ್ಚಿಗೆ ಬಂತು. ಗೋಪುರ ಇಳಿಯಿತು, ಗೋಡೆಯುದ್ದಕ್ಕೂ ಹೋಯಿತು, ಬಾಗಿಲಿಗೆ ಬಂತು. ಅಲ್ಲಿ ನಿಂತಿತು. ಎಡಕ್ಕೆ ಹೋಗಿ, ಬಲಕ್ಕೆ ಬಂದು, ಮತ್ತೆ ನಿಂತಿತು.

ಬಾಗಿಲು ಮುಚ್ಚಿತ್ತು. ನಾನು ತೆರೆದು ನಿಲ್ಲಿಸಿದ್ದ ಕದವನ್ನು ಎಳೆದು, ಸುತ್ತ ಅಂಟು ಸುರಿದು, ಭದ್ರವಾಗಿ ಕೂರಿಸಿದ್ದರು. ಅಂಟು ಇನ್ನೂ ಹೊಳೆಯುತ್ತಿತ್ತು.

“ಪ್ಯಾಕಿಂಗ್, ಮೇಡಂ,” ಎಂದ ಫೋರ್ಮನ್, ಎರಡೂ ಕೈ ಉಜ್ಜುತ್ತ. “ಅಲುಗಾಡುವ ಪೀಸು ದಾರಿಯಲ್ಲಿ ಮುರಿದು ಹೋಗುತ್ತದೆ. ಈಗ ಬಹಳ ಸ್ಟ್ರಾಂಗ್.” ಅದು ಇಂಗ್ಲಿಷಿನಲ್ಲಿ, ಅವರಿಗೆ. ನಮ್ಮ ಕಡೆ ತಿರುಗಿ ತಗ್ಗಿದ ದನಿಯಲ್ಲಿ ನಮ್ಮ ಮಾತಿನಲ್ಲಿ ಹೇಳಿದ್ದು ಬೇರೆ. “ಚರ್ಚಿನ ಬಾಗಿಲು ತೆಗ್ದಿಟ್ರೆ ಜನರನ್ನು ಒಳಗೆ ಕರೆದ ಹಾಗೆ ಆಗ್ತದೆ. ಪೆಟ್ಟಿಗೆ ಬಿಚ್ಚಿ ಯಾರಾದ್ರೂ ಕೇಳಿದ್ರೆ? ಕಣ್ಣಿಲ್ಲದವರಿಗೆ ಬಾಗಿಲು ತೆರೆದ್ರೆ ಎಂತ, ಮುಚ್ಚಿದ್ರೆ ಎಂತ?”

ಮೇಡಂ ಕಣ್ಣು ತೆರೆದರು. ಜಗಳ ಮಾಡುತ್ತಾರೆ ಎಂದುಕೊಂಡೆ. ಮಾಡಬೇಕಿತ್ತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಅಬಾಯಾಕ್ಕೆ ಒರೆಸಿಕೊಂಡರು.

“ಪರವಾಗಿಲ್ಲ,” ಎಂದರು. “ಅಪ್ಪನಿಗೆ ಅದು ಅಭ್ಯಾಸವಾಗಿದೆ.”

ನನ್ನ ಜೀವಮಾನದಲ್ಲಿ ಯಾರಾದರೂ ನನ್ನೆದುರು ಆಡಿದ ಮಾತಿನಿಂದ ಅಷ್ಟು ಸಿಟ್ಟು ಬಂದದ್ದಿಲ್ಲ. ಅವರ ಮೇಲಲ್ಲ. ಆ ಪಾದ್ರಿಯ ಮೇಲೆ, ಈ ಫೋರ್ಮನ್ ಮೇಲೆ, ಬಸ್ಸಿನಲ್ಲಿ ಸೀಟು ಎಣಿಸುವವರ ಮೇಲೆ, ಬಾಗಿಲು ಕಂಡರೆ ಸಾಕು ಮುಚ್ಚಲು ಕೈ ತುರಿಸುವ ಎಲ್ಲರ ಮೇಲೆ. ಒಬ್ಬ ಮುದುಕ ಹೊರಗೆ ನಿಂತು ನಿಂತು ಅಭ್ಯಾಸ ಮಾಡಿಕೊಳ್ಳಬೇಕಂತೆ! ಅದೂ ನಾನು ಮಾಡಿದ ಬಾಗಿಲಿನ ಹೊರಗೆ!

ಹೆಬ್ಬೆರಳಿನಿಂದ ಕದವನ್ನು ಒತ್ತಿದೆ, ಅಲುಗಲಿಲ್ಲ. ಕೈ ಚಾಚಿದೆ. ಏನು ಬೇಕೆಂದು ಕೇಳದೆ ಆಚಾರಿ ತನ್ನ ಸಣ್ಣ ಉಳಿಯನ್ನು ನನ್ನ ಅಂಗೈಯಲ್ಲಿಟ್ಟ. ಅವನು ತನ್ನ ಉಳಿಯನ್ನು ಯಾರಿಗೂ ಮುಟ್ಟಲು ಬಿಡುವವನಲ್ಲ.

“ಏಯ್, ಎಂತ ಮಾಡ್ತಿ? ಹಾಳು ಮಾಡ್ಬೇಡ!” ಫೋರ್ಮನ್ ನನ್ನ ತೋಳು ಹಿಡಿದ. ಕೊಡವಿದೆ. ಅಂಟಿನ ಸಂದಿಗೆ ಉಳಿ ಕೊಟ್ಟು ಮೀಟಿದೆ. ಕದ ಚಟ್ಟೆಂದು ಕಿತ್ತು ಬಂತು, ಜೊತೆಗೆ ಚೌಕಟ್ಟಿನ ಒಂದು ಪಕ್ಕೆಯೂ ಬಂತು. ಬಾಗಿಲಿದ್ದ ಜಾಗದಲ್ಲಿ ಒರಟು ಅಂಚಿನ ಒಂದು ತೂತು ಉಳಿಯಿತು. ಮರಳುಕಾಗದದಿಂದ ಉಜ್ಜಿ ಅಂಚು ನಯ ಮಾಡಿದೆ. ಕದವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

“ಇನ್ನು ಮುಚ್ಚಿ ನೋಡುವ,” ಎಂದೆ.

ಮೇಡಂಗೆ ನಮ್ಮ ಮಾತು ಬರುವುದಿಲ್ಲ. ಅವರು ಮತ್ತೆ ಕಣ್ಣು ಮುಚ್ಚಿ, ಬೆರಳು ಇಟ್ಟರು. ಬೆರಳು ಒಳಗೆ ಹೋಯಿತು. ಕೊನೆಯ ಸಾಲಿನ ಬೆಂಚು ಸಿಕ್ಕಿರಬೇಕು, ಅಲ್ಲೇ ಸ್ವಲ್ಪ ಹೊತ್ತು ಇತ್ತು. ಗಾಡಿಯವನು ಹೊರಗಿನಿಂದ “ಯಲ್ಲಾ, ಯಲ್ಲಾ” ಎಂದು ಹಾರ್ನ್ ಹೊಡೆಯುತ್ತಿದ್ದ. ಆಚಾರಿ ಮುಚ್ಚಳ ಇಟ್ಟು ಸ್ಕ್ರೂ ಬಿಗಿದ.

ಆಮೇಲೆ ಫೋರ್ಮನ್ ನನ್ನೊಡನೆ ಮಾತು ಬಿಟ್ಟ. ಕಸ ಗುಡಿಸುವುದರಿಂದ ಹಿಡಿದು ಯಾರಿಗೂ ಬೇಡದ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಮಾಡಿದೆ. ಚಳಿಗಾಲ ಶುರುವಾಗುವ ಹೊತ್ತಿಗೆ ಮೇಡಂ ಆಚಾರಿಯ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಮುಖ ಇಲ್ಲ, ಬರೀ ಒಂದು ಕೈ. ಚರ್ಮ ಸುಕ್ಕಾಗಿದೆ, ಗಂಟುಗಳು ಊದಿಕೊಂಡಿವೆ. ಪಕ್ಕದಲ್ಲಿ ಹುಂಜ ಗೋಪುರದ ಮೇಲೆ ಕೂತಿದೆ. ತೋರುಬೆರಳಿನ ತುದಿ ಕಾಣುವುದಿಲ್ಲ, ಅದು ಒಳಗಿದೆ.

ಫೋರ್ಮನ್ ನಮ್ಮ ಹೆಗಲ ಮೇಲಿನಿಂದ ಬಗ್ಗಿ ನೋಡಿದ. ಅಷ್ಟು ತಿಂಗಳ ಮೇಲೆ ಬಾಯಿ ಬಿಟ್ಟ.

“ಬಾಗಿಲಿಲ್ಲದೆ ಬೋಳು ಬೋಳು ಕಾಣ್ತದೆ ಅಲ್ವಾ? ವರ್ಕ್‌ಶಾಪಿನ ಹೆಸರು ಹಾಳು. ಆ ಕದ ನಿನ್ನ ಹತ್ರ ಉಂಟಲ್ಲ, ಕೊಡು, ಕೊರಿಯರ್ ಮಾಡುವ.”

ಆ ಕದ ಇವತ್ತಿಗೂ ನನ್ನ ಹತ್ತಿರ ಇದೆ. ಕೊಟ್ಟಿಲ್ಲ. ಯಾರು ಕೇಳಿದರೂ ಕೊಡುವುದಿಲ್ಲ.